ಒಣಗಿದ ಮೇಲೂ ಬೆಳೆಯುವ ಕಲೆ

(ಒಂದು ಮಹಿಳಾ ಕಾಲೇಜಿನಲ್ಲಿ ವಿದ್ಯಾರ್ಥಿನಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಬಂದ ಮಾತುಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಬಲಗೈಯಿಂದ ನಿಮ್ಮ ಎಡತೋಳನ್ನು ಮುಟ್ಟಿ ನೋಡಿಕೊಳ್ಳಿ, ಭುಜದಿಂದ ಸ್ವಲ್ಪ ಕೆಳಗೆ. ಅಲ್ಲೊಂದು ಗುರುತು ಸಿಗುತ್ತಾ? ಕ್ಷಯರೋಗ ಬರದಿರಲಿ ಅಂತ ಹುಟ್ಟಿದಾಗ ಹಾಕಿದ ಬಿಸಿಜಿ ಚುಚ್ಚುಮದ್ದಿನ ಗುರುತು ಅದು. ಹೆಚ್ಚಿನವರಿಗೆ ಅದೊಂದು ಚಿಕ್ಕ ತಗ್ಗು. ಕೆಲವರಿಗೆ ಏನೂ ಸಿಗಲಿಕ್ಕಿಲ್ಲ. ಆದರೆ ಇಲ್ಲಿ ಕೂತವರಲ್ಲಿ ಒಬ್ಬರಿಗೋ ಇಬ್ಬರಿಗೋ ಬೆರಳಿಗೆ ಗಂಟು ಸಿಕ್ಕಿರಬಹುದು. ಗಟ್ಟಿಯಾದ, ನುಣುಪಾದ, ಬೆಳಕಿಗೆ ಹೊಳೆಯುವ ಗಂಟು.

ಅದೇ ಲಸಿಕೆ, ಅಷ್ಟೇ ಸಣ್ಣ ಸೂಜಿ. ಒಬ್ಬರ ಚರ್ಮ ಅದನ್ನು ಮರೆತೇ ಬಿಟ್ಟಿದೆ. ಇನ್ನೊಬ್ಬರ ಚರ್ಮ ಮರೆತಿಲ್ಲ. ಆ ಗಂಟಿಗೆ ಕೀಲಾಯ್ಡ್ ಅಂತ ಹೆಸರು. ನಮ್ಮ ಕಡೆ ಜನ ಇದನ್ನು ‘ಮಾಂಸ ಬೆಳೆದಿದೆ’ ಅನ್ನುತ್ತಾರೆ, ‘ದುರ್ಮಾಂಸ’ ಅನ್ನುತ್ತಾರೆ. ನನ್ನ ಎಡತೋಳಿನಲ್ಲೂ ಒಂದಿದೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ನನಗಾಗ 19 ವರ್ಷ. ಚಿಕ್ಕಮ್ಮನ ಮಗಳ ಮದುವೆ ಇತ್ತು. ಕೈಯಿಲ್ಲದ ಬ್ಲೌಸ್ ಹಾಕಿಕೊಳ್ಳಬೇಕು ಅಂತ ಆಸೆ. ತೋಳಿನ ಮೇಲೆ ಅವರೆಕಾಳಿನಷ್ಟು ಗಂಟು. ಒಂದು ನರ್ಸಿಂಗ್ ಹೋಮಿಗೆ ಹೋದೆವು. ಅರ್ಧ ಗಂಟೆಯ ಕೆಲಸ ಅಂದರು, ಕತ್ತರಿಸಿ ತೆಗೆದರು, ಹೊಲಿಗೆ ಹಾಕಿದರು. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿದಾಗ ಒಂದು ತೆಳು ಗೆರೆ ಮಾತ್ರ. ಮದುವೆ ಫೋಟೋಗಳಲ್ಲಿ ನನ್ನ ತೋಳು ಚೆನ್ನಾಗಿಯೇ ಇದೆ. ನಾಲ್ಕು ತಿಂಗಳಾದ ಮೇಲೆ ತುರಿಕೆ ಶುರುವಾಯಿತು. ದೀಪಾವಳಿ ಹೊತ್ತಿಗೆ ಆ ಗೆರೆ ಪೂರ್ತಿ ದಪ್ಪವಾಗಿ ಕಿರುಬೆರಳಿನಷ್ಟು ಆಗಿತ್ತು. ಹೊಲಿಗೆಯ ಒಂದೊಂದು ತೂತಿನಲ್ಲೂ ಒಂದೊಂದು ಸಣ್ಣ ಗಂಟು. ನೋಡಲು ಥೇಟ್ ಶತಪದಿ. ಅವತ್ತು ಅಮ್ಮ ಅತ್ತದ್ದು ನನಗೆ ಇವತ್ತಿಗೂ ನೆನಪಿದೆ.

ಕತ್ತರಿಸಿದ ಡಾಕ್ಟರ ಕೈ ಚೆನ್ನಾಗಿತ್ತು. ತಪ್ಪಾಗಿದ್ದು ಕತ್ತರಿಸಿ ಸುಮ್ಮನೆ ಬಿಟ್ಟಿದ್ದರಲ್ಲಿ. ಯಾಕೆ ಅಂತ ತಿಳಿಯಬೇಕಾದರೆ ಗಾಯ ಹೇಗೆ ಮಾಗುತ್ತದೆ ಅಂತ ಸ್ವಲ್ಪ ನೋಡಬೇಕು.

ಹರಿದ ಸೀರೆಗೆ ರಫು ಹಾಕಿಸುತ್ತೀರಲ್ವಾ? ಚರ್ಮ ಮಾಡುವುದೂ ಅದನ್ನೇ. ಗಾಯವಾದ ಕೂಡಲೇ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಊತ, ಕೆಂಪು, ನೋವು. ಕಸ ಗುಡಿಸುವ ಹಂತ ಅದು. ನಾಲ್ಕೈದು ದಿನದಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಬಂದು ಸೇರುತ್ತವೆ. ಇವೇ ರಫುಗಾರರು. ಇವರ ನೂಲಿನ ಹೆಸರು ಕೊಲಾಜನ್. ಮೊದಲು ಅವಸರಕ್ಕೆ ತೆಳು ನೂಲಿನಲ್ಲಿ ಹೊಲಿಯುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಕೂತು ಆ ನೂಲು ಬಿಚ್ಚಿ ಗಟ್ಟಿ ನೂಲು ಹಾಕುತ್ತಾರೆ, ಜಾಸ್ತಿ ಆದದ್ದನ್ನು ಕತ್ತರಿಸಿ ಒಪ್ಪ ಮಾಡುತ್ತಾರೆ. ಈ ಕೊನೆಯ ಕೆಲಸಕ್ಕೆ ಒಂದು ವರ್ಷವೂ ಹಿಡಿಯಬಹುದು. ಇಷ್ಟು ಮಾಡಿದರೂ ಹಳೆಯ ಬಟ್ಟೆಯ ಗಟ್ಟಿತನ ಬರುವುದಿಲ್ಲ. ಮಾಗಿದ ಜಾಗ ಮೊದಲಿನ ಚರ್ಮದ ಶೇಕಡಾ 80ರಷ್ಟು ಗಟ್ಟಿಯಾದರೆ ಅದೇ ಹೆಚ್ಚು.

ಕೆಲಸ ಮುಗಿಯಿತು ಅಂತ ಗೊತ್ತಾದಾಗ ರಫುಗಾರರು ಎದ್ದು ಹೋಗಬೇಕು. ಕೀಲಾಯ್ಡ್ ಆಗುವ ಮೈಯಲ್ಲಿ ಅವರು ಏಳುವುದೇ ಇಲ್ಲ. ‘ಇನ್ನೂ ಹೊಲಿ’ ಅನ್ನುವ ರಾಸಾಯನಿಕ ಸಂದೇಶಗಳು ಬರುತ್ತಲೇ ಇರುತ್ತವೆ. ಹರಿದ ಜಾಗ ಮುಗಿಯಿತು, ಪಕ್ಕದ ಒಳ್ಳೆಯ ಬಟ್ಟೆಯ ಮೇಲೂ ಹೊಲಿಯಲು ಶುರು. ಪಕ್ಕಕ್ಕೆ ಹರಡುವ ಈ ಗುಣವೇ ಕೀಲಾಯ್ಡಿನ ಗುರುತು. 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿದ್ದ ಚರ್ಮವೈದ್ಯ ಅಲಿಬೇರ್ ಇದಕ್ಕೆ ಹೆಸರಿಟ್ಟರು. ಅಂಚಿನಿಂದ ಆಚೆಗೆ ಕಾಲು ಚಾಚುವುದನ್ನು ನೋಡಿ ಅವರಿಗೆ ಏಡಿಯ ಕಾಲು ನೆನಪಾಯಿತು. ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕಳಕ್ಕೆ ಇರುವ ಪದದಿಂದ ಈ ಹೆಸರು ಬಂತು. ಅದಕ್ಕೂ ಮೊದಲು ಅವರು ಕ್ಯಾನ್ಸರನ್ನು ನೆನಪಿಸುವ ಹೆಸರು ಇಟ್ಟಿದ್ದರು. ಜನ ಕ್ಯಾನ್ಸರ್ ಅಂತಲೇ ತಿಳಿದಾರು ಅಂತ ಬದಲಾಯಿಸಿದರು. ಇನ್ನೂರು ವರ್ಷ ಕಳೆದರೂ ನನ್ನ ಎದುರು ಕೂರುವವರ ಮೊದಲ ಪ್ರಶ್ನೆ ಅದೇ: ‘ಇದು ಕ್ಯಾನ್ಸರಾ ಡಾಕ್ಟ್ರೇ?’ ಅಲ್ಲ. ಅಂಟುರೋಗವೂ ಅಲ್ಲ. ಹಾಗಂತ ಎಲ್ಲ ಗಂಟನ್ನೂ ಕೀಲಾಯ್ಡ್ ಅಂತ ಬಿಡಬಾರದು. ಗಾಯವೇ ಆಗದ ಜಾಗದಲ್ಲಿ ಗಂಟು ಬಂದರೆ, ಅಥವಾ ಅದರ ರೂಪ ವಿಚಿತ್ರ ಅನ್ನಿಸಿದರೆ, ನಾವು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಕೀಲಾಯ್ಡಿನಂತೆ ಕಾಣುವ ಅಪರೂಪದ ಚರ್ಮದ ಗೆಡ್ಡೆಗಳೂ ಇವೆ.

ಇನ್ನೊಂದು ಬಗೆಯ ದಪ್ಪ ಕಲೆ ಇದೆ. ಅದನ್ನು ಹೈಪರ್‌ಟ್ರೋಫಿಕ್ ಕಲೆ ಅನ್ನುತ್ತೇವೆ. ಅದರಲ್ಲೂ ರಫು ದಪ್ಪವಾಗಿಯೇ ಇರುತ್ತದೆ, ಆದರೆ ಹರಿದ ಜಾಗದ ಒಳಗೇ ಇರುತ್ತದೆ. ಗಾಯವಾದ ಒಂದೆರಡು ತಿಂಗಳಲ್ಲೇ ಏಳುತ್ತದೆ, ಕೆಲವು ತಿಂಗಳು ಬೆಳೆಯುತ್ತದೆ, ಆಮೇಲೆ ವರ್ಷಗಳಲ್ಲಿ ತಾನಾಗಿ ಇಳಿಯುತ್ತದೆ. ಕೀಲಾಯ್ಡ್ ತಡವಾಗಿ ಬರಬಹುದು. ಗಾಯ ಮರೆತು ವರ್ಷವಾದ ಮೇಲೂ ಬರಬಹುದು. ತಾನಾಗಿ ಇಳಿಯುವುದು ತೀರಾ ಕಡಿಮೆ. ‘ನನ್ನ ಗಂಟು ಈ ಮುಲಾಮಿನಿಂದ ಹೋಯಿತು’ ಅಂತ ಯಾರಾದರೂ ಹೇಳಿದರೆ, ಹೆಚ್ಚಾಗಿ ಅವರಿಗೆ ಇದ್ದದ್ದು ಹೈಪರ್‌ಟ್ರೋಫಿಕ್ ಕಲೆ. ಮುಲಾಮು ಹಚ್ಚದಿದ್ದರೂ ಅದು ಹೋಗುತ್ತಿತ್ತು.

ಯಾರಿಗೆ ಬರುತ್ತದೆ? ಹತ್ತರಿಂದ ಮೂವತ್ತರ ವಯಸ್ಸಿನವರಿಗೆ ಜಾಸ್ತಿ. ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ಇದ್ದರೆ ಜಾಸ್ತಿ. ಆಫ್ರಿಕಾ ಮೂಲದವರಿಗೆ, ಏಷ್ಯಾದವರಿಗೆ ಬಿಳಿಯರಿಗಿಂತ ಜಾಸ್ತಿ. ಬಸುರಿಯಾದಾಗ ಬೆಳೆಯುವುದುಂಟು. ಪ್ರಾಣಿಗಳಿಗೆ ಮಾತ್ರ ಕೀಲಾಯ್ಡ್ ಬರುವುದಿಲ್ಲ. ಮನುಷ್ಯರಿಗಷ್ಟೇ. ಇಲಿ, ಮೊಲಗಳ ಮೇಲೆ ಪರೀಕ್ಷಿಸಿ ಔಷಧಿ ಹುಡುಕುವ ದಾರಿ ಇಲ್ಲಿ ಸುಲಭವಿಲ್ಲ. ಇಷ್ಟು ಹಳೆಯ ತೊಂದರೆಗೆ ಇನ್ನೂ ಒಂದೇ ಏಟಿನ ಮದ್ದು ಸಿಗದಿರುವುದಕ್ಕೆ ಇದೂ ಒಂದು ಕಾರಣ.

ಎಲ್ಲಿ ಬರುತ್ತದೆ ಅನ್ನುವುದು ಇನ್ನೂ ಕುತೂಹಲದ ವಿಷಯ. ಎದೆಯ ನಡುವೆ, ಭುಜ, ತೋಳು, ಬೆನ್ನಿನ ಮೇಲ್ಭಾಗ, ದವಡೆಯ ಅಂಚು, ಕಿವಿ. ಅಂಗೈ, ಅಂಗಾಲಿನಲ್ಲಿ ತೀರಾ ಅಪರೂಪ. ಕಣ್ಣಿನ ರೆಪ್ಪೆಯಲ್ಲಂತೂ ಬರುವುದೇ ಇಲ್ಲ ಅನ್ನಬಹುದು. ಟೋಕಿಯೋದ ನಿಪ್ಪಾನ್ ವೈದ್ಯಕೀಯ ಶಾಲೆಯ ರೇ ಒಗಾವಾ ಎಂಬ ಪ್ಲಾಸ್ಟಿಕ್ ಸರ್ಜನ್ ಇದರ ಬೆನ್ನು ಹತ್ತಿದರು. ಚರ್ಮ ಎಲ್ಲಿ ದಿನವಿಡೀ ಎಳೆದಾಡುತ್ತದೋ ಅಲ್ಲಿ ಕೀಲಾಯ್ಡ್ ಬೆಳೆಯುತ್ತದೆ, ಎಳೆತದ ದಿಕ್ಕಿಗೇ ಬೆಳೆಯುತ್ತದೆ ಅಂತ ತೋರಿಸಿದರು. ಕೈ ಎತ್ತಿ ಇಳಿಸಿದಾಗಲೆಲ್ಲ ಎದೆಯ ಚರ್ಮ ಅಡ್ಡಕ್ಕೆ ಎಳೆಯುತ್ತದೆ. ಅದಕ್ಕೇ ಎದೆಯ ಮೇಲಿನ ಒಂದು ಮೊಡವೆಯ ಗಂಟು ಅಡ್ಡಕ್ಕೆ ಹಿಗ್ಗಿ ಏಡಿಯ ಇಕ್ಕಳದಂಥ ಆಕಾರಕ್ಕೆ ಬರುತ್ತದೆ. ಭುಜದ ಮೇಲಿನದು ಚಿಟ್ಟೆಯ ರೆಕ್ಕೆಯಂತೆ ಹರಡುತ್ತದೆ. ರೆಪ್ಪೆಯ ಚರ್ಮ ಸಡಿಲ, ಎಳೆತವಿಲ್ಲ. ಇದನ್ನು ಮೊದಲ ಸಲ ಓದಿದ ದಿನ ನನ್ನ ತೋಳಿನ ಗಂಟನ್ನು ಕನ್ನಡಿಯಲ್ಲಿ ತುಂಬಾ ಹೊತ್ತು ನೋಡಿದೆ. ಅದು ಯಾಕೆ ಆ ಆಕಾರಕ್ಕೆ ಬಂತು ಅಂತ ಅವತ್ತು ಅರ್ಥವಾಯಿತು.

ಕಿವಿಯ ಹಾಲೆಯಲ್ಲಿ ಮಾತ್ರ ಅಂಥ ಎಳೆತವಿಲ್ಲ. ಆದರೂ ಅಲ್ಲಿ ಬರುತ್ತದೆ, ಚುಚ್ಚಿಸುತ್ತೇವಲ್ಲ, ಅದಕ್ಕೆ. ಈ ಕಾಲೇಜಿನಲ್ಲಿ ಇದನ್ನೇ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಮನೆಗಳಲ್ಲಿ ಕೂಸಿಗೆ ವರ್ಷ ತುಂಬುವುದರೊಳಗೆ ಕಿವಿ ಚುಚ್ಚಿಸುತ್ತಾರೆ. ಅಕ್ಕಸಾಲಿಗರು ಚಿನ್ನದ ತಂತಿಯಲ್ಲಿ ಚುಚ್ಚುತ್ತಿದ್ದರು, ಈಗಲೂ ಕೆಲವು ಕಡೆ ಇದೆ. ಅಷ್ಟು ಚಿಕ್ಕಂದಿನಲ್ಲಿ ಚುಚ್ಚಿದ ತೂತಿಗೆ ಕೀಲಾಯ್ಡ್ ಬರುವುದು ಕಡಿಮೆ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನವಿದೆ, 32 ಜನರದ್ದು. ಹನ್ನೊಂದು ವರ್ಷ ತುಂಬಿದ ಮೇಲೆ ಕಿವಿ ಚುಚ್ಚಿಸಿಕೊಂಡವರಲ್ಲಿ ಕೀಲಾಯ್ಡ್ ಬಂದದ್ದು ಶೇಕಡಾ 80ರಷ್ಟು ಮಂದಿಗೆ, ಅದಕ್ಕೂ ಮೊದಲು ಚುಚ್ಚಿಸಿಕೊಂಡವರಲ್ಲಿ ಸುಮಾರು 24ರಷ್ಟು ಮಂದಿಗೆ. ಇವರೆಲ್ಲ ಮೊದಲೇ ಕೀಲಾಯ್ಡ್ ಇದ್ದವರು, ಹಾಗಾಗಿ ಈ ಅಂಕಿ ಎಲ್ಲರಿಗೂ ಅನ್ವಯಿಸುವುದಿಲ್ಲ. ಆದರೂ ನನ್ನ ಕ್ಲಿನಿಕ್ಕಿನಲ್ಲಿ ನಾನು ನೋಡುವುದೂ ಅದೇ ದಾರಿಯಲ್ಲಿದೆ. ಹುಡುಗಿಗೆ ಮೊದಲ ತೂತು ಚೆನ್ನಾಗಿರುತ್ತದೆ. ಹದಿನೆಂಟಕ್ಕೆ ಗೆಳತಿಯರ ಜೊತೆ ಹೋಗಿ ಎರಡನೆಯದು, ಮೂರನೆಯದು ಚುಚ್ಚಿಸುತ್ತಾಳೆ. ಕಿವಿಯ ಮೇಲಂಚಿನಲ್ಲಿ, ನಮ್ಮ ಅಜ್ಜಿಯರು ಬುಗುಡಿ ಹಾಕುತ್ತಿದ್ದ ಜಾಗದಲ್ಲೂ ಚುಚ್ಚಿಸುತ್ತಾಳೆ. ಗಂಟು ಬರುವುದು ಅಲ್ಲಿ. ಮೊದಲು ಹಿಂಬದಿಯಲ್ಲಿ ಕಡಲೆಕಾಳಿನಷ್ಟು, ಆಮೇಲೆ ನೆಲ್ಲಿಕಾಯಿಯಷ್ಟು. ಕೂದಲಲ್ಲಿ ಮುಚ್ಚಿಕೊಂಡು ಎರಡು ವರ್ಷ ಓಡಾಡುತ್ತಾಳೆ. ಹೆಲ್ಮೆಟ್ಟಿನ ಪಟ್ಟಿ ತಾಗಿ ನೋವಾದಾಗ ನನ್ನ ಹತ್ತಿರ ಬರುತ್ತಾಳೆ.

ಆ ಎರಡು ವರ್ಷದ ಬಗ್ಗೆ ನನಗೆ ತುಂಬಾ ಸಂಕಟ. ಕಡಲೆಕಾಳಿನಷ್ಟಿದ್ದಾಗ ಬಂದಿದ್ದರೆ ನಾಲ್ಕೈದು ಇಂಜೆಕ್ಷನ್ನಿನಲ್ಲಿ ಮುಗಿಯಬಹುದಿತ್ತು. ಯಾಕೆ ಬರಲಿಲ್ಲ ಅಂದರೆ ನಾಚಿಕೆ. ಅಮ್ಮ ಬೈಯುತ್ತಾಳೆ ಅನ್ನುವ ಭಯ. ಅಮ್ಮಂದಿರೇ, ದಯವಿಟ್ಟು ಬೈಯಬೇಡಿ. ‘ಹೇಳಿದ್ದೆ, ಕೇಳಲಿಲ್ಲ’ ಅನ್ನುವ ಒಂದು ಮಾತಿಗೆ ಹೆದರಿ ಮಕ್ಕಳು ಗಂಟು ಬೆಳೆಸಿಕೊಂಡು ಬರುತ್ತಾರೆ.

ಕಲೆ ಮುಚ್ಚಿಕೊಳ್ಳುವುದು ಎಷ್ಟು ಭಾರ ಅನ್ನುವುದಕ್ಕೆ ಹಿರೋಷಿಮಾದ ಹೆಣ್ಣುಮಕ್ಕಳು ನೆನಪಾಗುತ್ತಾರೆ. 1945ರ ಬಾಂಬಿನಿಂದ ಸುಟ್ಟ ಗಾಯಗಳು ಒಣಗಿದವು. ತಿಂಗಳುಗಳ ಮೇಲೆ ಅದೇ ಜಾಗಗಳಲ್ಲಿ ದಪ್ಪ ಕಲೆಗಳು ಎದ್ದವು. ಕೀಲಾಯ್ಡ್ ಅನ್ನುವ ವೈದ್ಯರ ಪದ ಜಪಾನಿನಲ್ಲಿ ಸಾಮಾನ್ಯ ಜನರ ಬಾಯಿಗೆ ಬಂದದ್ದು ಆಗ. ಎಷ್ಟೋ ಹುಡುಗಿಯರು ವರ್ಷಗಟ್ಟಲೆ ಮನೆಯಿಂದ ಹೊರಗೆ ಬರಲಿಲ್ಲ. 1955ರಲ್ಲಿ ಅವರಲ್ಲಿ 25 ಮಂದಿಯನ್ನು ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿದರು. ಅವರ ಫೋಟೋಗಳನ್ನು ನೋಡಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವರು ತಲೆ ಬಗ್ಗಿಸಿ ಕೂತಿರುವ ರೀತಿ. ಕಿವಿಯ ಮೇಲೆ ಕೂದಲು ಎಳೆದುಕೊಂಡು ಕೂರುವ ನನ್ನ ಹುಡುಗಿಯರೂ ಹಾಗೇ ಕೂರುತ್ತಾರೆ.

ಇನ್ನು ನಂಜಿನ ಮಾತು. ‘ಹೊಲಿಗೆ ಹಾಕಿದ ವಾರದಲ್ಲೇ ಬದನೆಕಾಯಿ ತಿಂದುಬಿಟ್ಟೆ, ನಂಜಾಗಿ ಮಾಂಸ ಬೆಳೆಯಿತು’ ಅಂತ ತುಂಬಾ ಜನ ಹೇಳುತ್ತಾರೆ. ಬದನೆಕಾಯಿಗೂ ಕೀಲಾಯ್ಡಿಗೂ ಸಂಬಂಧವಿಲ್ಲ. ಗಾಯ ನಿಜವಾಗಿ ಕೀವಾಗಿ ತಡವಾಗಿ ಒಣಗಿದರೆ ಕೀಲಾಯ್ಡ್ ಆಗುವ ಸಾಧ್ಯತೆ ಹೆಚ್ಚುತ್ತದೆ, ಅದು ಹೌದು. ಆದರೆ ಅದು ಊಟದಿಂದ ಆಗುವುದಲ್ಲ. ಬಾಣಂತಿಗೆ ಪಥ್ಯ ಸರಿಯಾಗಿ ಮಾಡಲಿಲ್ಲ ಅಂತ ಅವಳ ತಾಯಿಯನ್ನು ದೂರುವುದು, ಅರಿಶಿನ ಹಚ್ಚಲಿಲ್ಲ ಅಂತ ತಮ್ಮನ್ನೇ ದೂರಿಕೊಳ್ಳುವುದು, ಎರಡೂ ಬೇಡ. ಯಾರ ತಪ್ಪೂ ಇಲ್ಲ. ಅದು ಆ ಚರ್ಮದ ಸ್ವಭಾವ. ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ನರೂಲಿಗೆ ಕಟ್ಟಿದ ಹಾಗೆ ಕೂದಲು ಕಟ್ಟುವುದು, ಸುಣ್ಣ ಹಚ್ಚುವುದು, ಬರೆ ಹಾಕುವುದು, ಇವು ಯಾವುದನ್ನೂ ಮಾಡಬೇಡಿ. ಕೀಲಾಯ್ಡ್ ಮೈಗೆ ಪ್ರತಿ ಹೊಸ ಗಾಯವೂ ಹೊಸ ಕೀಲಾಯ್ಡಿಗೆ ದಾರಿ.

ಚಿಕಿತ್ಸೆಗೆ ಬರೋಣ. ಎಲ್ಲರೂ ಮೊದಲು ಕೇಳುವುದು ‘ಕತ್ತರಿಸಿ ತೆಗೀರಿ’ ಅಂತ. ಬರೀ ಕತ್ತರಿಸಿ ಬಿಟ್ಟರೆ ಏನಾಗುತ್ತದೆ? ಬೇರೆ ಬೇರೆ ವರದಿಗಳ ಪ್ರಕಾರ ಶೇಕಡಾ 45ರಿಂದ 100ರವರೆಗೂ ಮತ್ತೆ ಬರುತ್ತದೆ. ಹಲವು ಸಲ ಮೊದಲಿಗಿಂತ ದೊಡ್ಡದಾಗಿ. ರಫುಗಾರರು ಕೂತಿರುವಾಗಲೇ ಬಟ್ಟೆಯನ್ನು ಇನ್ನೊಮ್ಮೆ ಹರಿದು ಕೊಟ್ಟ ಹಾಗೆ ಅದು. ಹಾಗಾಗಿ ಮೊದಲು ಅವರನ್ನು ಎಬ್ಬಿಸಬೇಕು.

ಎಬ್ಬಿಸುವ ಮುಖ್ಯ ಮದ್ದು ಟ್ರಯಾಮ್ಸಿನೊಲೋನ್. ಸ್ಟೀರಾಯ್ಡ್ ಗುಂಪಿನದು. ಗಂಟಿನ ಒಳಗೇ ಸಣ್ಣ ಸೂಜಿಯಲ್ಲಿ ಕೊಡುತ್ತೇವೆ, ಮೂರು ನಾಲ್ಕು ವಾರಕ್ಕೊಮ್ಮೆ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಮೊದಲ ಸಲ ಗಂಟು ಎಷ್ಟು ಗಟ್ಟಿ ಇರುತ್ತದೆ ಅಂದರೆ ಮದ್ದು ಒಳಗೆ ಹೋಗುವುದೇ ಇಲ್ಲ, ನನ್ನ ಹೆಬ್ಬೆರಳು ನೋಯುತ್ತದೆ. ಮರಗಟ್ಟಿಸುವ ಮದ್ದು ಬೆರೆಸುತ್ತೇವೆ, ಐಸ್ ಇಡುತ್ತೇವೆ. ಎರಡನೆಯ ಸಲಕ್ಕೆ ಸ್ವಲ್ಪ ಮೆತ್ತಗಾಗಿರುತ್ತದೆ. ಎಲ್ಲಕ್ಕಿಂತ ಮೊದಲು ಹೋಗುವುದು ತುರಿಕೆ. ‘ಡಾಕ್ಟ್ರಮ್ಮ, ರಾತ್ರಿ ನಿದ್ದೆ ಬಂತು’ ಅಂತ ಹೇಳುತ್ತಾರೆ. ಗಂಟು ಇನ್ನೂ ಹಾಗೇ ಇರುತ್ತದೆ, ಆದರೆ ಮುಖ ಬೇರೆಯಾಗಿರುತ್ತದೆ. ಕೀಲಾಯ್ಡ್ ಅಂದರೆ ಬರೀ ಅಂದದ ವಿಷಯ ಅಂತ ತಿಳಿದವರು ಆ ಮುಖ ನೋಡಬೇಕು. ರಾತ್ರಿಯಿಡೀ ತುರಿಕೆ, ಚುಚ್ಚಿದಂಥ ನೋವು, ಬಟ್ಟೆ ತಾಗಿದರೆ ಉರಿ, ಇದೆಲ್ಲ ಕಾಯಿಲೆಯೇ. ಆಮೇಲೆ ಮೆತ್ತಗಾಗುತ್ತದೆ, ಆಮೇಲೆ ತಗ್ಗುತ್ತದೆ. ಬಣ್ಣ ಎಲ್ಲಕ್ಕಿಂತ ನಿಧಾನ.

ಈ ಮದ್ದಿಗೂ ತೊಂದರೆಗಳಿವೆ. ಸುತ್ತಲ ಚರ್ಮ ತೆಳ್ಳಗಾಗಬಹುದು, ಬಿಳಿಚಬಹುದು, ಸಣ್ಣ ರಕ್ತನಾಳಗಳು ಕಾಣಬಹುದು. ಕೆಲವರಿಗೆ ಮುಟ್ಟು ಆ ತಿಂಗಳು ಹಿಂದೆ ಮುಂದೆ ಆಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರಬಹುದು, ಮೊದಲೇ ಹೇಳಬೇಕು. ಬಸುರಿಯಾಗಿದ್ದರೂ ಮೊದಲೇ ಹೇಳಬೇಕು. ಇದೊಂದರಿಂದಲೇ ಬಗ್ಗದಿದ್ದರೆ 5-ಫ್ಲೂರೋಯುರಾಸಿಲ್ ಎಂಬ ಮದ್ದನ್ನು ಜೊತೆಗೆ ಬೆರೆಸುತ್ತೇವೆ. ಇದು ಕ್ಯಾನ್ಸರಿಗೆ ಕೊಡುವ ಮದ್ದು. ಚೀಟಿ ತೆಗೆದುಕೊಂಡು ಅಂಗಡಿಗೆ ಹೋದವರು ಅಲ್ಲಿ ಯಾರೋ ಹೇಳಿದ್ದನ್ನು ಕೇಳಿ ಅಳುತ್ತಾ ವಾಪಸ್ ಬಂದದ್ದಿದೆ. ಹೆದರಬೇಡಿ. ಬೆಳೆಯುವ ಕೋಶಗಳನ್ನು ನಿಲ್ಲಿಸುವ ಗುಣ ಅದಕ್ಕಿದೆ, ಅದನ್ನಷ್ಟೇ ಬಳಸುತ್ತೇವೆ, ತುಂಬಾ ಕಡಿಮೆ ಪ್ರಮಾಣದಲ್ಲಿ. ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಮಾತ್ರ ಕೊಡುವುದಿಲ್ಲ. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ವಿಧಾನವೂ ಇದೆ. ಅದು ಮೈನಸ್ 196 ಡಿಗ್ರಿಯ ಚಳಿ. ಸಣ್ಣ ಗಂಟಿಗೆ ಒಳ್ಳೆಯದು, ಆದರೆ ನಮ್ಮ ಬಣ್ಣದ ಚರ್ಮದಲ್ಲಿ ಬಿಳಿ ಕಲೆ ಉಳಿಯಬಹುದು. ಲೇಸರ್ ಕೆಂಪು ಮತ್ತು ತುರಿಕೆ ತಗ್ಗಿಸಲು ಸಹಾಯ ಮಾಡುತ್ತದೆ. ‘ಲೇಸರ್ ಒಂದರಿಂದಲೇ ಪೂರ್ತಿ ಹೋಗುತ್ತದೆ’ ಅನ್ನುವ ಜಾಹೀರಾತನ್ನು ಮಾತ್ರ ನಂಬಬೇಡಿ.

ಕತ್ತರಿಸಲೇಬಾರದಾ? ಹಾಗಲ್ಲ. ನೆಲ್ಲಿಕಾಯಿಯಷ್ಟು ಜೋತುಬಿದ್ದ ಕಿವಿಯ ಗಂಟನ್ನು ಇಂಜೆಕ್ಷನ್ನಿನಲ್ಲಿ ಕರಗಿಸುತ್ತಾ ಕೂರಲು ಆಗುವುದಿಲ್ಲ. ಕತ್ತರಿಸುತ್ತೇವೆ, ಆದರೆ ಹಿಂದೆಯೇ ಕಾವಲು ಇಡುತ್ತೇವೆ. ಹೊಲಿಗೆ ಬಿಚ್ಚಿದ ಮೇಲೆ ಇಂಜೆಕ್ಷನ್, ಒತ್ತಡ ಕೊಡುವ ಕ್ಲಿಪ್ಪಿನಂಥ ಓಲೆ ಆರು ತಿಂಗಳಿಂದ ಒಂದು ವರ್ಷ. ಹಟಮಾರಿ ಗಂಟುಗಳಿಗೆ ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನದೊಳಗೇ ರೇಡಿಯೇಶನ್ ಶುರು ಮಾಡುತ್ತಾರೆ. ಮರಳಿ ಬರುವುದನ್ನು ಇದು ತುಂಬಾ ತಗ್ಗಿಸುತ್ತದೆ. ಮಕ್ಕಳಿಗೆ ಮತ್ತು ಥೈರಾಯ್ಡ್, ಸ್ತನದ ಹತ್ತಿರ ಕೊಡುವಾಗ ತುಂಬಾ ಯೋಚಿಸಬೇಕಾಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಸಿಲಿಕೋನ್ ಹಾಳೆ. ಗಾಯ ಪೂರ್ತಿ ಮುಚ್ಚಿದ ಮೇಲೆ ಅಂಟಿಸಬೇಕು. ದಿನಕ್ಕೆ ಕನಿಷ್ಠ 12 ಗಂಟೆ, ಎರಡು ಮೂರು ತಿಂಗಳಾದರೂ. ನಮ್ಮ ಸೆಕೆಗೆ ಬೆವರುಸಾಲೆ ಏಳುತ್ತದೆ, ಹಾಗಾಗಿ ಹಾಳೆಯನ್ನೂ ಚರ್ಮವನ್ನೂ ದಿನಾ ತೊಳೆಯಬೇಕು. ಹಾಳೆ ನಿಲ್ಲದ ಜಾಗಕ್ಕೆ ಸಿಲಿಕೋನ್ ಜೆಲ್ ಇದೆ. ಬೆಳೆದು ನಿಂತ ಗಂಟಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಹೊಸ ಗಾಯಕ್ಕೆ, ಕತ್ತರಿಸಿದ ಜಾಗಕ್ಕೆ ಇದು ಬೇಕು.

ನನ್ನ ತೋಳಿನದಕ್ಕೆ ಒಂದೂವರೆ ವರ್ಷ ಹಿಡಿಯಿತು. ಈಗ ಮಟ್ಟಸವಾಗಿದೆ. ಬಣ್ಣ ಬೇರೆಯೇ ಉಳಿದಿದೆ.

ಪ್ರಶ್ನೆಗಳಿಗೆ ಬರೋಣ.

‘ಮೂಗುಬೊಟ್ಟಿನ ಪಕ್ಕ ಕೆಂಪು ಗುಳ್ಳೆ ಬಂದಿದೆ. ಕೀಲಾಯ್ಡಾ ಮೇಡಂ?’ ಚುಚ್ಚಿಸಿ ಕೆಲವೇ ವಾರ ಆಗಿದ್ದು, ಮೆತ್ತಗಿದ್ದು, ಮುಟ್ಟಿದರೆ ರಕ್ತ ಬರುವಂತಿದ್ದರೆ ಹೆಚ್ಚಾಗಿ ಅಲ್ಲ. ಅದು ಉಜ್ಜಾಟಕ್ಕೆ, ಲೋಹದ ಅಲರ್ಜಿಗೆ, ಕೀವಿಗೆ ಬರುವ ಗುಳ್ಳೆ. ಬೇಗ ವಾಸಿಯಾಗುತ್ತದೆ. ತಿರುಗಿಸುವುದು, ಹಿಚುಕುವುದು ಬೇಡ. ತೋರಿಸಿ.

ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ: ‘ನನಗೆ ಎದೆ ಮೇಲೆ ಹೀಗೇ ಐತಿ. ಮೊಮ್ಮಗಳಿಗೆ ಕಿವಿ ಚುಚ್ಚಿಸಬೇಕೋ ಬೇಡೋ?’ ಚುಚ್ಚಿಸುವುದಾದರೆ ಚಿಕ್ಕವಳಿರುವಾಗಲೇ ಚುಚ್ಚಿಸಿ ಅಜ್ಜಿ, ಹಾಲೆಯಲ್ಲಿ ಒಂದೇ ತೂತು, ಶುದ್ಧ ಸೂಜಿಯಲ್ಲಿ. ಬಿಸಿಜಿಯನ್ನಂತೂ ತಪ್ಪಿಸಬೇಡಿ, ಗಂಟು ಬಂದರೆ ನೋಡಿಕೊಳ್ಳೋಣ. ಅವಳು ದೊಡ್ಡವಳಾದ ಮೇಲೆ ನಿಮ್ಮ ಎದೆಯ ಗಂಟಿನ ವಿಷಯ ಅವಳಿಗೆ ಹೇಳಿ. ಎರಡನೆಯ ತೂತಿಗೆ ಮೊದಲು, ಹಚ್ಚೆಗೆ ಮೊದಲು, ಆಪರೇಷನ್ನಿಗೆ ಮೊದಲು ‘ನಮ್ಮ ಮನೆಯಲ್ಲಿ ಕೀಲಾಯ್ಡ್ ಇದೆ’ ಅಂತ ಅವಳು ಹೇಳುವಂತಾಗಬೇಕು. ಆಗ ಡಾಕ್ಟರು ಹೊಲಿಗೆ ಹಾಕುವ ರೀತಿಯನ್ನೇ ಬದಲಿಸುತ್ತಾರೆ, ಮೇಲಿಂದ ಕಾಗದದ ಟೇಪ್ ಅಂಟಿಸಿ ಎಳೆತ ತಗ್ಗಿಸುತ್ತಾರೆ.

ಕೊನೆಗೆ ಒಬ್ಬಳು ಎದ್ದು ನಿಂತಳು, ದುಪಟ್ಟಾ ಕತ್ತಿನವರೆಗೂ ಹೊದ್ದುಕೊಂಡಿದ್ದಳು. ‘ಅಕ್ಕನ ಮದುವೆ ಆರು ತಿಂಗಳಿದೆ ಮೇಡಂ. ಅಷ್ಟರಲ್ಲಿ ಎದೆಯ ಮೇಲಿನದು ಹೋಗುತ್ತಾ?’

ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆನಮ್ಮ. ಈ ವಾರವೇ ಶುರು ಮಾಡಿದರೆ ತುರಿಕೆ ಒಂದೆರಡು ತಿಂಗಳಲ್ಲಿ ತಗ್ಗಬೇಕು. ಮದುವೆ ಹೊತ್ತಿಗೆ ಬಹುಶಃ ಮೆತ್ತಗಾಗಿ ತಗ್ಗಿರುತ್ತದೆ. ಬಣ್ಣ ಇರುತ್ತದೆ. ಬ್ಲೌಸ್ ಹೊಲಿಯುವವರಿಗೆ ಕತ್ತಿನ ಪಟ್ಟಿ ಆ ಜಾಗಕ್ಕೆ ಉಜ್ಜದ ಹಾಗೆ, ಒಳಗೆ ಮೆತ್ತನೆ ಹತ್ತಿಬಟ್ಟೆ ಹಾಕಿ ಹೊಲಿಯಲು ಹೇಳು. ಮದುವೆ ಮುಗಿಯಿತು ಅಂತ ಇಂಜೆಕ್ಷನ್ ನಿಲ್ಲಿಸಬೇಡ. ಬರುವಾಗ ಅಮ್ಮನನ್ನೂ ಕರೆದುಕೊಂಡು ಬಾ, ನಾನು ಅವರ ಹತ್ತಿರ ಮಾತಾಡುತ್ತೇನೆ.